ನಿಮ್ಮ ಅಟ್ಟದ ಡೆಮೊ ಕ್ಯಾಸೆಟ್ಟನ್ನು ಮಳೆಗಾಲಕ್ಕೆ ಮೊದಲು ಕೆಳಗಿಳಿಸಿ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಒಂದಲ್ಲ ಒಂದು ಕಾಲಕ್ಕೆ ಮೆಟಲ್ ನುಡಿಸಿದವರಿಗೆ, ನುಡಿಸಿ ಬಿಟ್ಟವರಿಗೆ, ಈಗಲೂ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ನುಡಿಸುತ್ತಿರುವವರಿಗೆ,



ನಿಮ್ಮಲ್ಲಿ ಯಾರೋ ಮಾಡಿದ ಒಂದು ಆಲ್ಬಂ ನನ್ನ ಹತ್ತಿರ ಉಂಟು. ಅದಕ್ಕೆ ಹೆಸರಿಲ್ಲ, ಇಸವಿ ಇಲ್ಲ, ಹೊದಿಕೆಯೂ ಇಲ್ಲ. ಕಾರ್ಕಳದ ಗೆಳೆಯರೊಬ್ಬರು ಹಳೆಮನೆಯ ಮಾಡು ಬಿಚ್ಚಿಸಿದಾಗ ಅಟ್ಟದಿಂದ ಇಳಿದ ಸಾಮಾನಿನ ನಡುವೆ ಜಿಪ್ ಹಾಕಿದ ಸಿ.ಡಿ. ಪೌಚೊಂದು ಸಿಕ್ಕಿತು. ಅವರ ತಮ್ಮ ಇಂಜಿನಿಯರಿಂಗ್ ಓದುವಾಗ ಕೂಡಿಟ್ಟದ್ದು. ತಮ್ಮ ಈಗ ಹೊರದೇಶದಲ್ಲಿದ್ದಾರೆ. ಯಾರು ಕೊಟ್ಟ ಡಿಸ್ಕೆಂದು ಅವರಿಗೆ ನೆನಪಿಲ್ಲ. ನಾನು ಹಳೆಯ ಮೆಟಲ್ ಡಿಸ್ಕು, ಕ್ಯಾಸೆಟ್ಟು ಹುಡುಕುತ್ತಿರುತ್ತೇನೆಂದು ಗೊತ್ತಿದ್ದ ಗೆಳೆಯರು ಪೌಚನ್ನೇ ತಂದು ಕೈಗಿಟ್ಟರು.

ಒಂದು ಡಿಸ್ಕಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಕ್ರಿಪ್ಟೋಸ್, 2004’ ಎಂದಿತ್ತು. ಅದರ ಮಾತು ಆಮೇಲೆ ಹೇಳುತ್ತೇನೆ. ಅದರ ಹಿಂದಿನ ಜೇಬಿನಲ್ಲಿದ್ದದ್ದು ಏನೂ ಬರೆಯದ ಡಿಸ್ಕ್. ಅಂಚಿನಲ್ಲಿ ಬಣ್ಣ ಮಾಸಿ ಹಳದಿ ಮಚ್ಚೆಗಳಾಗಿದ್ದವು. ಕಂಪ್ಯೂಟರಿಗೆ ಹಾಕಿದರೆ ಡ್ರೈವು ಎಷ್ಟೋ ಹೊತ್ತು ತಿಣುಕಿ, ಕೊನೆಗೆ ಏಳು ಹಾಡು ತೋರಿಸಿತು.

ಮೊದಲ ಹಾಡಿನ ಮೊದಲ ಸದ್ದು ಫ್ಯಾನಿನದು. ಕೋಣೆಯ ಫ್ಯಾನು ತಿರುಗುತ್ತಿದೆ, ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ. ಯಾರೋ ಕೋಲಿಗೆ ಕೋಲು ತಟ್ಟಿ ನಾಲ್ಕು ಎಣಿಸುತ್ತಾರೆ. ಆಮೇಲೆ ಎರಡು ಗಿಟಾರು ಒಟ್ಟಿಗೆ ನುಗ್ಗುತ್ತವೆ. ಬಲಗೈಯ ಅಂಗೈ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ಹಿಡಿದು, ಪಿಕ್ಕನ್ನು ಮೇಲೆ ಕೆಳಗೆ ಓಡಿಸುವ ಅಪ್ಪಟ ಥ್ರ್ಯಾಶ್. ಮೂರನೆಯ ಹಾಡಿಗೆ ಬರುವಾಗ ಗತಿ ತಟ್ಟನೆ ಕುಸಿದು, ತಂತಿಗಳನ್ನು ಬಹಳ ಕೆಳಗಿನ ಶ್ರುತಿಗೆ ಇಳಿಸಿ, ಡೆತ್ ಮೆಟಲ್‌ನ ಆ ಭಾರವಾದ ನಡೆ ಶುರುವಾಗುತ್ತದೆ. ಬಾಸ್ ಡ್ರಮ್ಮು ರಟ್ಟಿನ ಪೆಟ್ಟಿಗೆ ಗುದ್ದಿದ ಹಾಗೆ ಕೇಳುತ್ತದೆ, ಹತ್ತಿರದಲ್ಲಿ ಒಳ್ಳೆಯ ಮೈಕು ಇರಲಿಲ್ಲವೆಂದು ಕಾಣುತ್ತದೆ. ಆದರೆ ನುಡಿಸುವವರ ಎರಡು ಕಾಲೂ ಒಂದೇ ಅಳತೆಯಲ್ಲಿ ಓಡುತ್ತವೆ. ಅದು ತಿಂಗಳುಗಟ್ಟಲೆ ಕೂತು ಅಭ್ಯಾಸ ಮಾಡದೆ ಬರುವಂಥದ್ದಲ್ಲ. ಹಾಡುಗಾರನ ದನಿ ಹೊಟ್ಟೆಯ ತಳದಿಂದ ಎದ್ದು ಗಂಟಲಲ್ಲಿ ಒಡೆಯುತ್ತದೆ. ಯಕ್ಷಗಾನದಲ್ಲಿ ತೆರೆಯ ಹಿಂದಿನಿಂದ ಬಣ್ಣದ ವೇಷ ಆರ್ಭಟ ಕೊಡುವುದನ್ನು ಕೇಳಿ ಬೆಳೆದ ನಮಗೆ ಈ ದನಿ ಹೊಸತೇನಲ್ಲ. ವೇಷ ಇನ್ನೂ ಕಾಣಿಸಿಲ್ಲ, ಕೂಗಿಗೇ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತವೆ.

ನಾಲ್ಕು ಮತ್ತು ಐದನೆಯ ಹಾಡುಗಳ ನಡುವೆ ತಗಡಿನ ಮೇಲೆ ಮಳೆ ಬೀಳುವ ಸದ್ದು ಸ್ಪಷ್ಟವಾಗಿದೆ. ಐದನೆಯದು ಮುಗಿದ ಕೂಡಲೇ ಯಾರೋ ಏದುಸಿರಿನಲ್ಲಿ, ತುಳುವಿನಲ್ಲಿ, “ನನೊರ ಪಾಡುಗ” ಅನ್ನುತ್ತಾರೆ. ಇನ್ನೊಮ್ಮೆ ಬಾರಿಸುವ, ಅಂತ. ಆ ಒಂದು ಮಾತು ಅಳಿಸದೆ ಉಳಿದದ್ದರಿಂದಲೇ ಇವರು ನಮ್ಮೂರಿನವರೆಂದು ನನಗೆ ತಿಳಿದದ್ದು. ಇಲ್ಲದಿದ್ದರೆ ಈ ಡಿಸ್ಕು ಪೋಲೆಂಡಿನದ್ದೋ ಪೆರುವಿನದ್ದೋ ಎಂದುಕೊಂಡು ಎತ್ತಿಡುತ್ತಿದ್ದೆ. ಅಷ್ಟು ಚೆನ್ನಾಗಿದೆ ಮಾರಾಯ್ರೇ. ಅಭಿಮಾನಕ್ಕೆ ಹೇಳುವ ಮಾತಲ್ಲ ಇದು. ಆರನೆಯ ಹಾಡಿನ ನಡುವೆ ಡ್ರಮ್ಮು ಪೂರ್ತಿ ನಿಂತು, ಒಂದೇ ಗಿಟಾರು ನಾಲ್ಕು ಸುತ್ತು ಅದೇ ಪಂಕ್ತಿಯನ್ನು ನುಡಿಸಿ, ಐದನೆಯ ಸುತ್ತಿಗೆ ಎಲ್ಲರೂ ಒಮ್ಮೆಲೇ ಕೂಡಿಕೊಳ್ಳುವ ಜಾಗವೊಂದಿದೆ. ಹೆಸರಾಂತ ಬ್ಯಾಂಡುಗಳೂ ಅಲ್ಲಿ ಅವಸರ ಮಾಡುತ್ತವೆ. ಇವರು ಕಾದಿದ್ದಾರೆ.

ಪೌಚಿನ ಇನ್ನೊಂದು ಡಿಸ್ಕಿನಲ್ಲಿದ್ದದ್ದು ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡಿನ ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ನ ನಕಲು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ಬ್ಯಾಂಡ್ ಇದು. ಇವತ್ತಿನ ಹುಡುಗರಿಗೆ ಕ್ರಿಪ್ಟೋಸ್ ಅಂದರೆ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿ ಬಂದ, ಯುರೋಪು ಸುತ್ತಿದ ಹೆಸರು. ಆದರೆ ಆ ಮೊದಲ ಆಲ್ಬಮ್ಮನ್ನು ಪೂರ್ತಿ ಕೇಳಿದವರು ನಿಮ್ಮಲ್ಲಿ ಎಷ್ಟು ಮಂದಿ? ಅದರಲ್ಲಿ ಹಾಡಿದ್ದು ಬೇಸ್ ಗಿಟಾರಿನ ಗಣೇಶ್. ನೋಲನ್ ಹಾಡಲು ತೊಡಗಿದ್ದು ಆಮೇಲೆ. ಬ್ಯಾಂಡು ಮುಂದೆ ಎಲ್ಲಿಗೆ ಹೋಯಿತೆಂದು ಗೊತ್ತಿದ್ದವರು ಎಲ್ಲಿಂದ ಹೊರಟಿತೆಂದು ಕೇಳಬೇಕಾದರೆ ಆ ಡಿಸ್ಕನ್ನೇ ಹಾಕಬೇಕು.

ಬೆಂಗಳೂರಿಗೆ ಅದಕ್ಕೂ ಹಿಂದಿನ ಚರಿತ್ರೆ ಇದೆ. 1990ರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ಎಂಬ ಬ್ಯಾಂಡು ನಿಧಾನಗತಿಯ, ಕತ್ತಲು ಕವಿದ ಡೆತ್ ಮೆಟಲ್ ನುಡಿಸುತ್ತಿತ್ತು. ವಿಕ್ರಮ್ ಭಟ್ ಅವರ ದನಿ, ಜಿಮ್ಮಿ ಪಾಲ್ಖೀವಾಲಾ ಅವರ ಗಿಟಾರು. ಆ ಕಾಲದಲ್ಲಿ ಭಾರತದಲ್ಲಿ ಇಂಥ ಸಂಗೀತವನ್ನು ಮುದ್ರಿಸಲು ಬಲ್ಲ ಸ್ಟುಡಿಯೊ ಹುಡುಕುವುದೇ ಕಷ್ಟ. ಡೆತ್ ಮೆಟಲ್ ಗೊತ್ತಿಲ್ಲದ ಇಂಜಿನಿಯರ್ ಗಿಟಾರಿನ ಒರಟುತನವನ್ನು ದೋಷವೆಂದು ತಿಳಿದು ತೊಳೆದುಬಿಡುತ್ತಿದ್ದ. ಆ ಮುದ್ರಣಗಳು ಬಹಳ ವರ್ಷ ಕೈಯಿಂದ ಕೈಗೆ ನಕಲಾಗಿಯೇ ಬದುಕಿದವು. 2010ರ ದಶಕದ ಆರಂಭದಲ್ಲಿ ‘ಎರಾ ಆಫ್ ಟ್ರಿಬ್ಯುಲೇಷನ್’ ಎಂಬ ಸಂಕಲನವಾಗಿ ಅವು ಮತ್ತೆ ಹೊರಬಂದಾಗ, ಆ ಬ್ಯಾಂಡು ನುಡಿಸುವ ಕಾಲಕ್ಕೆ ಅಂಬೆಗಾಲಿಕ್ಕುತ್ತಿದ್ದವರು ಅದನ್ನು ಕೊಂಡು ಕೇಳಿದರು. ಯಾರೋ ಮೂಲ ಟೇಪನ್ನು ಎಸೆಯದೆ ಇಟ್ಟಿದ್ದರು, ಅದಕ್ಕೇ ಇದು ಆದದ್ದು. ಮೈಂಡ್‌ಸ್ನೇರ್ ಎಂಬ ಇನ್ನೊಂದು ಬೆಂಗಳೂರಿನ ಡೆತ್ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದದ್ದು ಯಾಸ್ಮಿನ್ ಕ್ಲೇರ್ ಎಂಬ ಹೆಣ್ಣುಮಗಳು. ಮಣಿಪಾಲದಲ್ಲಿ ಇವತ್ತು ಡ್ರಮ್ ಕಲಿಯುತ್ತಿರುವ ಹುಡುಗಿಯರು ಆ ಮುದ್ರಣಗಳನ್ನು ಹುಡುಕಿ ಕೇಳಬೇಕು ಎಂದು ನನ್ನ ಆಸೆ.

ನಿಮ್ಮಲ್ಲಿ ಹಲವರು ಆ ಕಾಲದ ಸಾಕ್ಷಿಗಳು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, ಮರುವರ್ಷ ಮೆಗಾಡೆತ್ ಬಂದಾಗ, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಾಗ, ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಹೋಗಿ, ಕೆಸರು ಮೆತ್ತಿದ ಶೂ ಹಾಕಿಕೊಂಡೇ ಮರುದಿನ ತರಗತಿಗೆ ಬಂದವರಿದ್ದೀರಿ. ಆ ದೊಡ್ಡ ವೇದಿಕೆಗಳ ಚಿತ್ರ, ವಿಡಿಯೊ ಸಾವಿರಗಟ್ಟಲೆ ಉಳಿದಿವೆ. ಅವನ್ನು ಉಳಿಸಲು ನಾವು ಬೇಕಾಗಿಲ್ಲ. ಆದರೆ ಕಾಲೇಜು ಹಬ್ಬದ ಬ್ಯಾಂಡ್ ಸ್ಪರ್ಧೆಯಲ್ಲಿ, ನಾಲ್ಕನೆಯ ಸ್ಥಾನಕ್ಕೂ ಬಾರದ ನಮ್ಮ ಹುಡುಗರು ಬಾರಿಸಿದ ಸ್ವಂತ ರಚನೆ? ಅದು ಯಾರದೋ ಸೌಂಡ್‌ಬೋರ್ಡಿನಿಂದ ಕ್ಯಾಸೆಟ್ಟಿಗೆ ಇಳಿದು, ಆ ಕ್ಯಾಸೆಟ್ಟು ಈಗ ಯಾರದೋ ಕಪಾಟಿನ ತಳದಲ್ಲಿದೆ.

ಸಣ್ಣ ಊರಿನ ಆಲ್ಬಂ ಲೋಕಕ್ಕೆ ಏನು ಮಾಡೀತು ಎಂದು ಕೇಳುವವರಿಗೆ ಮಾರ್ಬಿಡ್ ಸೇಂಟ್ ಬ್ಯಾಂಡಿನ ಕತೆ ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶೆಬಾಯ್ಗನ್, ಮಿಷಿಗನ್ ಸರೋವರದ ದಂಡೆಯ ಊರು. ಜನಸಂಖ್ಯೆ ಉಡುಪಿ ನಗರಕ್ಕಿಂತ ಕಡಿಮೆ. ಅಲ್ಲಿನ ಐದು ಹುಡುಗರು 1980ರ ದಶಕದ ಕೊನೆಗೆ ‘ಸ್ಪೆಕ್ಟ್ರಮ್ ಆಫ್ ಡೆತ್’ ಎಂಬ ಆಲ್ಬಂ ಮಾಡಿದರು. ಎಂಟು ಹಾಡು, ಅರ್ಧ ಗಂಟೆಯ ಆಸುಪಾಸು. ಥ್ರ್ಯಾಶ್ ಎಲ್ಲಿ ಮುಗಿದು ಡೆತ್ ಮೆಟಲ್ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದ ವೇಗ. ದೊಡ್ಡ ಕಂಪನಿ ಯಾವುದೂ ಬೆನ್ನಿಗಿರಲಿಲ್ಲ. 1992ರಲ್ಲಿ ಮುದ್ರಿಸಿದ ಎರಡನೆಯ ಆಲ್ಬಂ ದಶಕಗಟ್ಟಲೆ ಬಿಡುಗಡೆಯೇ ಆಗಲಿಲ್ಲ. ಬ್ಯಾಂಡು ಒಡೆಯಿತು. ಆದರೆ ಆ ಮೊದಲ ಆಲ್ಬಮ್ಮನ್ನು ಕೇಳಿದವರು ಇನ್ನೊಬ್ಬರಿಗೆ ನಕಲು ಮಾಡಿ ಕೊಟ್ಟರು, ಅವರು ಮತ್ತೊಬ್ಬರಿಗೆ. ಹಾಗೆಯೇ ಅದು ಲೋಕವೆಲ್ಲ ಸುತ್ತಿ, ಕೊನೆಗೆ ಮರುಮುದ್ರಣಗೊಂಡು, ಬ್ಯಾಂಡು ಮತ್ತೆ ಕೂಡಿ ಹೊಸ ಆಲ್ಬಂ ಮಾಡುವಷ್ಟರ ಮಟ್ಟಿಗೆ ಬಂತು. ಬ್ರೆಜಿಲಿನ ಬೆಲೊ ಹೊರಿಜೊಂಚಿಯಲ್ಲಿ ಕೊಗುಮೆಲೊ ಎಂಬ ರೆಕಾರ್ಡು ಅಂಗಡಿಯೇ ಧ್ವನಿಮುದ್ರಣ ಕಂಪನಿಯಾಗಿ, 1985ರಲ್ಲಿ ಸೆಪಲ್ಚುರಾ ಎಂಬ ಹುಡುಗರ ಗುಂಪಿನ ಮೊದಲ ಮುದ್ರಣವನ್ನು ಇನ್ನೊಂದು ಬ್ಯಾಂಡಿನ ಜೊತೆ ಒಂದೇ ತಟ್ಟೆಯ ಎರಡು ಮಗ್ಗುಲಿಗೆ ಹಂಚಿ ತಂದಿತು. ಆ ಹುಡುಗರು ಮುಂದೆ ಏನಾದರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹತ್ತಿರದ ನಂಟೂ ಒಂದುಂಟು. 1992ರಲ್ಲಿ ಸಿಂಗಪುರದಲ್ಲಿ ಹುಟ್ಟಿದ ರುದ್ರ ಎಂಬ ಬ್ಯಾಂಡು, ಅಲ್ಲಿನ ಭಾರತೀಯ ಮೂಲದ ಹುಡುಗರದು. ಥ್ರ್ಯಾಶ್, ಡೆತ್ ಎರಡನ್ನೂ ಬೆರೆಸಿ ಅದ್ವೈತ ವೇದಾಂತವನ್ನು ಹಾಡುತ್ತ ಬಂದವರು. 2016ರ ಅವರ ಆಲ್ಬಮ್ಮಿನ ಹೆಸರೇ ‘ಎನಿಮಿ ಆಫ್ ಡ್ಯುಯಾಲಿಟಿ’. ಮಧ್ವರ ಊರಾದ ಉಡುಪಿಯಲ್ಲಿ ಕೂತು ಅದನ್ನು ಕೇಳುವಾಗ, ರಥಬೀದಿಯಲ್ಲಿ ಶತಮಾನಗಳಿಂದ ನಡೆದು ಬಂದ ವಾದವೊಂದು ಗಿಟಾರಿನ ಜೊತೆ ಮತ್ತೆ ಎದ್ದಂತೆ ನನಗೆ ತೋರಿತು. ದ್ವೈತದ ಪರವಾಗಿ ನಮ್ಮ ಕಡೆಯ ಬ್ಯಾಂಡೊಂದು ಉತ್ತರ ಕೊಡಲಿ ಎಂದು ಮನಸಾರೆ ಬಯಸುತ್ತೇನೆ.

ಇನ್ನು ನಾನು ಬರೆಯಲು ಕೂತ ಮುಖ್ಯ ವಿಷಯ.

ಈ ಕರಾವಳಿಗೆ ಧ್ವನಿ ಉಳಿಸುವ ಕೆಲಸ ಹೊಸದಲ್ಲ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಇವತ್ತು ಅವರು ಹಾಡಿದ ಕಾಲಕ್ಕೆ ಹುಟ್ಟಿಯೇ ಇರದವರು ಅವರ ಪದವನ್ನು ಗುನುಗುತ್ತಾರೆ ಎಂದರೆ, ಅಂಗಡಿಯ ಕ್ಯಾಸೆಟ್ಟುಗಳ ಜೊತೆಗೆ, ರಂಗಸ್ಥಳದ ಮುಂದೆ ನಿದ್ದೆಗೆಟ್ಟು ಕೂತು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದ ಅಭಿಮಾನಿಗಳ ಶ್ರಮವೂ ಅದರಲ್ಲಿದೆ. ಯುರೋಪು, ಅಮೆರಿಕದ ಮೆಟಲ್ ಹುಡುಗರು ಅಂಚೆಯಲ್ಲಿ ಡೆಮೊ ಟೇಪು ವಿನಿಮಯ ಮಾಡಿಕೊಳ್ಳುತ್ತಿದ್ದ ಅದೇ 1980ರ ದಶಕದಲ್ಲಿ, ನಮ್ಮಲ್ಲಿ ಆಟದ ಮರುಳಿನವರು ಮೇಳದ ಕ್ಯಾಸೆಟ್ಟುಗಳನ್ನು ನಕಲು ಮಾಡಿ ಹಂಚಿಕೊಳ್ಳುತ್ತಿದ್ದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಆ ಕೆಲಸವನ್ನು ಶಿಸ್ತಿನಿಂದ ಮಾಡಿತು. 1990ರಲ್ಲಿ ಗೋಪಾಲ ನಾಯ್ಕರು ತುಳುವಿನಲ್ಲಿ ಹೇಳಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿ, 1998ರಲ್ಲಿ ಪುಸ್ತಕವಾಗಿ ತಂದರು. 15,683 ಸಾಲುಗಳು. ಯಾರು ಹೇಳಿದ್ದು, ಎಲ್ಲಿ, ಯಾವಾಗ, ಯಾರ ಎದುರು, ಎಲ್ಲವೂ ಅಲ್ಲಿದೆ. ಸಿರಿಯ ಜಾತ್ರೆ ನಡೆಯುವ ನಂದಳಿಕೆ ಇರುವುದು ಕಾರ್ಕಳದ ಕಡೆಗೇ. ಆ ಹೆಸರಿಲ್ಲದ ಡಿಸ್ಕು ಸಿಕ್ಕಿದ್ದೂ ಕಾರ್ಕಳದಲ್ಲೇ.

ಸಿರಿಯ ಪಕ್ಕಕ್ಕೆ ಹಾಸ್ಟೆಲ್ ಬ್ಯಾಂಡನ್ನು ಇಡುವುದು ಅತಿಯಾಯಿತು ಎಂದು ಹಿರಿಯರು ಬೇಸರಿಸಬಾರದು. ಅದು ಭಕ್ತಿಯ ವಿಷಯ, ಇದು ಹರೆಯದ್ದು, ನನಗೆ ಗೊತ್ತು. ನಾನು ಹೇಳುವುದು ದಾಖಲಿಸುವ ಶ್ರದ್ಧೆಯ ಬಗ್ಗೆ. ಒಂದು ಊರು ಯಾವ ಯಾವ ಬಗೆಯಲ್ಲಿ ದನಿ ಎತ್ತಿತ್ತು ಎಂದು ಐವತ್ತು ವರ್ಷದ ನಂತರ ಯಾರಾದರೂ ಕೇಳಿದರೆ, ಯಾವುದೋ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂಗಿದ ಹುಡುಗನ ದನಿಯೂ ಲೆಕ್ಕಕ್ಕೆ ಬರಬೇಕು.

ಮಳೆಗಾಲವೇ ನಮ್ಮ ಶತ್ರು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಕಾಪು, ಮಲ್ಪೆಯ ಮನೆಗಳಿಗೆ ಉಪ್ಪುಗಾಳಿ ಬೇರೆ. ಕ್ಯಾಸೆಟ್ಟಿನ ಪಟ್ಟಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ದನಿ ಇರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ತೇವ ಎರಡೂ ಅದನ್ನು ತಿನ್ನುತ್ತವೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ದಯವಿಟ್ಟು ನೇರವಾಗಿ ಪ್ಲೇಯರಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಮೊದಲು ಒಣಗಿದ ಕೋಣೆಯಲ್ಲಿ ಕೆಲವು ದಿನ ಇಡಿ. ಕ್ಯಾಸೆಟ್ಟಿನ ಹೊರಕವಚಕ್ಕೆ ಸ್ಕ್ರೂ ಇದ್ದರೆ ಬಿಚ್ಚಿ, ಪಟ್ಟಿಯ ಸುರುಳಿಯನ್ನು ಹೊಸ ಕವಚಕ್ಕೆ ವರ್ಗಾಯಿಸಬಹುದು. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಆ ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತ, ಕಿವಿಯನ್ನು ಡ್ರಮ್ಮಿನ ತಾಳದ ತಟ್ಟೆಗೆ ಕೊಡಿ. ಮಂಕಾಗಿದ್ದ ಸಿಂಬಲ್ ಒಂದು ಜಾಗದಲ್ಲಿ ಥಟ್ಟನೆ ಹೊಳೆಯುತ್ತದೆ. ಅಲ್ಲಿ ನಿಲ್ಲಿಸಿ. ಆ ಕ್ಯಾಸೆಟ್ಟು ಮೊದಲು ಮುದ್ರಣವಾದ ಯಂತ್ರದ ಹೆಡ್ಡು ಯಾವ ಓರೆಯಲ್ಲಿತ್ತೋ, ನಿಮ್ಮದೂ ಈಗ ಅದೇ ಓರೆಗೆ ಬಂದಿದೆ.

ಕಂಪ್ಯೂಟರಿಗೆ ಇಳಿಸುವಾಗ ಎಂ.ಪಿ.3 ಮಾಡಬೇಡಿ. ಮೆಟಲ್ ಸಂಗೀತದಲ್ಲಿ ಸಿಂಬಲ್ ಬಿಡುವಿಲ್ಲದೆ ಸದ್ದು ಮಾಡುತ್ತಿರುತ್ತದೆ; ಕಡಿಮೆ ಗಾತ್ರದ ಎಂ.ಪಿ.3 ಅದನ್ನು ನೀರಿನಲ್ಲಿ ಕಲಸಿದ ಹಾಗೆ ಮಾಡಿಬಿಡುತ್ತದೆ. ವೇವ್ ಅಥವಾ ಫ್ಲ್ಯಾಕ್ ಆಗಿ ಇಡಿ. ಸದ್ದು ತೆಗೆಯುತ್ತೇವೆಂದು ಫ್ಯಾನನ್ನೂ ಮಳೆಯನ್ನೂ ಅಳಿಸಬೇಡಿ. ಮೂಲ ಹೇಗಿದೆಯೋ ಹಾಗೇ ಒಂದು ಪ್ರತಿ ಇರಲಿ. ಚಂದ ಮಾಡಿದ್ದು ಬೇಕಿದ್ದರೆ ಇನ್ನೊಂದು ಮಾಡಿಕೊಳ್ಳಿ. ಮತ್ತೆ, ಎಲ್ಲಕ್ಕಿಂತ ದೊಡ್ಡದು: ಬರೆದಿಡಿ. ಯಾರು ಯಾವ ವಾದ್ಯ, ಯಾವ ಇಸವಿ, ಯಾವ ಕೋಣೆ, ಯಾರ ಆಂಪ್ಲಿಫೈಯರ್, ಗಿಟಾರಿನ ಶ್ರುತಿ ಎಷ್ಟು ಇಳಿಸಿದ್ದು, ಹಾಡಿನ ಸಾಹಿತ್ಯ. ಆ ಏಳು ಹಾಡುಗಳನ್ನು ನಾನು ಎಷ್ಟು ಸಲ ಕೇಳಿದರೂ ಮಾತು ಬಿಡಿಸಲು ಆಗಿಲ್ಲ, ಬರೆದವರೇ ಹೇಳಬೇಕು.

ಈಗ ಮಣಿಪಾಲದಲ್ಲಿ ಓದುತ್ತಿರುವವರಿಗೆ ಬೇರೆ ಮಾತು. ನೀವು ಹೊರಗಿನಿಂದ ಬಂದವರಿರಬಹುದು, ನಾಲ್ಕು ವರ್ಷ ಇದ್ದು ಹೋಗುವವರಿರಬಹುದು. ಟೈಗರ್ ಸರ್ಕಲಿನ ಆಸುಪಾಸಿನಲ್ಲಿ ನಿಮಗಿಂತ ಮೊದಲು ಇದೇ ಸಂಗೀತ ನುಡಿಸಿದವರಿದ್ದರು ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಪ್ರತಿ ತಂಡವೂ ತಾನೇ ಮೊದಲು ಎಂದುಕೊಂಡು ಶುರು ಮಾಡಿ, ಪದವಿ ಸಿಕ್ಕ ದಿನ ಮುಗಿಸುತ್ತದೆ. ಕಾಲೇಜಿನ ‘ರೆವೆಲ್ಸ್’ ಹಬ್ಬದಲ್ಲಿ ನುಡಿಸುವ ಮುನ್ನ ಒಮ್ಮೆ ಹಳಬರನ್ನು ಹುಡುಕಿ ಮಾತಾಡಿಸಿ. ಅವರು ಈಗ ಬೆಂಗಳೂರಿನಲ್ಲಿ, ದುಬಾಯಿಯಲ್ಲಿ, ಮಂಗಳೂರಿನ ಆಸ್ಪತ್ರೆಗಳಲ್ಲಿ, ಕಾಪುವಿನ ಅಂಗಡಿಗಳಲ್ಲಿ ಇದ್ದಾರೆ. ನಿಮ್ಮಲ್ಲೇ ರೇಡಿಯೊ ಮಣಿಪಾಲ್ ಎಂಬ ಸಮುದಾಯ ಬಾನುಲಿ ಕೇಂದ್ರವಿದೆ, 90.4 ಮೆಗಾಹರ್ಟ್ಸ್. ಈ ಊರಿನ ಮೆಟಲ್ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡುತ್ತೇವೆಂದು ಕೇಳಲು ಸಂಕೋಚ ಯಾಕೆ? ಯಕ್ಷಗಾನದ ಚೆಂಡೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಟಲ್ ಡ್ರಮ್ಮಿನ ಬ್ಲಾಸ್ಟ್ ಬೀಟ್ ಕೇಳಿಸಿ, ಅವರೇನು ಹೇಳುತ್ತಾರೆಂದು ಮುದ್ರಿಸಿಕೊಳ್ಳಿ. ನನಗಂತೂ ಕೇಳಬೇಕೆನಿಸಿದೆ.

ಹಕ್ಕಿನ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನನ್ನ ಕೈಗೆ ಬಂದದ್ದು ನನ್ನದಾಗುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 2004ರಲ್ಲಿ ಹೊರಬಂದದ್ದಕ್ಕೆ 2064ರ ಕೊನೆಯವರೆಗೆ. ಕಾಯ್ದೆ ಇರಲಿ, ಮರ್ಯಾದೆಯ ಪ್ರಶ್ನೆಯೂ ಇದೆ. ಇಪ್ಪತ್ತರ ಹರೆಯದಲ್ಲಿ ಕೂಗಿದ್ದನ್ನು ಈಗ ಊರಿಗೆಲ್ಲ ಕೇಳಿಸಲು ಮನಸ್ಸಿಲ್ಲದವರಿರಬಹುದು. ಮನೆಯವರಿಗೇ ಹೇಳಿರದವರಿರಬಹುದು. ಹಾಗಿದ್ದರೆ ಹೇಳಿ, ಪ್ರತಿ ತೆಗೆದು ಮುಚ್ಚಿಡುವ. ನೀವು ಬೇಡವೆಂದರೆ ಯಾರಿಗೂ ಕೇಳಿಸುವುದಿಲ್ಲ. ಆ ಏಳು ಹಾಡುಗಳನ್ನು ನಾನು ಎಲ್ಲಿಯೂ ಏರಿಸಿಲ್ಲ, ಯಾರಿಗೂ ಕಳಿಸಿಲ್ಲ.

ನನಗೆ ತುರ್ತಾಗಿ ಬೇಕಾದದ್ದು ಇಷ್ಟು. 1990ರ ದಶಕದ ಮತ್ತು 2000ದ ಮೊದಲ ಹತ್ತು ವರ್ಷದ ಕಾಲೇಜು ಬ್ಯಾಂಡ್ ಸ್ಪರ್ಧೆಗಳ ಕ್ಯಾಸೆಟ್ಟು, ಮಿನಿಡಿಸ್ಕ್, ಸಿ.ಡಿ., ಹಳೆಯ ಹಾರ್ಡ್ ಡಿಸ್ಕ್, ಏನಿದ್ದರೂ ಸರಿ. ಕೈಬರಹದ ಪೋಸ್ಟರು, ಝೆರಾಕ್ಸ್ ಮಾಡಿದ ಹಾಡಿನ ಹಾಳೆ, ಫೋಟೊ. ಮೂಲ ನಿಮ್ಮಲ್ಲೇ ಇರಲಿ. ಬೇಕಿದ್ದರೆ ನಾನೇ ಪ್ಲೇಯರು ಹೊತ್ತು ನಿಮ್ಮ ಮನೆಗೆ ಬಂದು, ನಿಮ್ಮ ಎದುರೇ ಇಳಿಸಿಕೊಂಡು ಹೋಗುತ್ತೇನೆ. ಈ ಪತ್ರ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದರೆ ನನಗೆ ತಲುಪುತ್ತದೆ. ಜೂನ್ ಮೊದಲ ವಾರದೊಳಗೆ ಆದರೆ ಒಳ್ಳೆಯದು.

ಇತಿ,
ಕಾಪುವಿನ ಒಬ್ಬ ಕೇಳುಗ